ಕೈ ಕಟ್ಟಿ ಕೂತ ದಾಸಪ್ಪ

ತಮಿಳುನಾಡಿನ ಗಡಿಯೊಳಗಿರುವ ನಮ್ಮ ಕೆಂಚನದೊಡ್ಡಿಯಲ್ಲಿ ದಾಸಪ್ಪನ ಎದುರು "ಇದು ನಿನ್ನ ಕೈಲಿ ಆಗಲ್ಲ ಬಿಡು" ಎಂಬ ಮಾತನ್ನು ಯಾರೂ ಆಡುವುದಿಲ್ಲ. ಆಡಿದವರು ಅದರ ಫಲ ಉಂಡಿದ್ದಾರೆ. ಐವತ್ತು ದಾಟಿದವನು ಹುಣಿಸೇಮರ ಹತ್ತಬಾರದು ಎಂದು ಯಾರೋ ಅಂದದ್ದಕ್ಕೆ ಹತ್ತಿದ. ಅವನು ಹತ್ತಿದ್ದು ಹತ್ತು ನಿಮಿಷ, ಊರವರು ಸೇರಿ ಇಳಿಸಿದ್ದು ಅರ್ಧ ದಿನ. ನಿನಗೆ ತಮಿಳು ಓದಲು ಬರುವುದಿಲ್ಲ ಎಂದು ಕಂಡಕ್ಟರೊಬ್ಬ ಅಂದದ್ದಕ್ಕೆ ಹಟ ಹಿಡಿದು ಹೊಸೂರು ಬಸ್‌ಸ್ಟ್ಯಾಂಡಿನ ಬೋರ್ಡುಗಳನ್ನೆಲ್ಲ ಓದಲು ಕಲಿತ. ಓದಿ ಮುಗಿಸುವುದರೊಳಗೆ ಬಸ್ಸು ಹೊರಟಿರುತ್ತಿತ್ತು ಎಂಬುದು ಬೇರೆ ವಿಷಯ.

ಇಂಥವನಿಗೆ ಆ ಮಾತನ್ನು ಹೇಳಿದ್ದು ಹೂವಿನ ಏಜೆಂಟ್ ನರೇಶ್. ಅದೂ ಹೊಸೂರಿನ ಹೂ ಬೆಳೆಗಾರರ ಸಂಘದ ಮೀಟಿಂಗಿನಲ್ಲಿ, ಎಲ್ಲರ ಎದುರು.

ದಾಸಪ್ಪನಿಗೆ ಅರ್ಧ ಎಕರೆ ಪಾಲಿಹೌಸಿದೆ. ಅದರೊಳಗೆ ತಾಜ್‌ಮಹಲ್ ಗುಲಾಬಿ ಬೆಳೆಯುತ್ತಾನೆ. ಸಂಘದವರು ಆ ವರ್ಷ ಆರು ಜನ ಬೆಳೆಗಾರರನ್ನು ಮೇ ತಿಂಗಳಲ್ಲಿ ಮಲೇಷಿಯಾದ ಹೂದೋಟಗಳನ್ನು ನೋಡಿ ಬರಲು ಕಳುಹಿಸುವುದೆಂದು ತೀರ್ಮಾನಿಸಿದ್ದರು. ಅದರಲ್ಲಿ ದಾಸಪ್ಪನ ಹೆಸರೂ ಇತ್ತು. ಐದು ವರ್ಷದ ಹಿಂದೆ ಇದೇ ಸಂಘ ಶ್ರೀಲಂಕಾಕ್ಕೆ ಕರೆದೊಯ್ಯುತ್ತೇವೆಂದು ಹೇಳಿ ಕೈಬಿಟ್ಟಾಗ ಮಾಡಿಸಿದ್ದ ಪಾಸ್‌ಪೋರ್ಟ್ ಒಂದು ಬೀರುವಿನಲ್ಲಿ ಹೊಸದಾಗಿಯೇ ಇತ್ತು. ತಂಡದ ಮುಖಂಡ ನರೇಶ್. ಹೂವು ರಫ್ತು ಮಾಡುವ ಅವನು ಹತ್ತಾರು ಸಲ ವಿಮಾನ ಹತ್ತಿಳಿದವನು.

"ಏರ್‌ಪೋರ್ಟಲ್ಲಿ ಇಮಿಗ್ರೇಷನ್ ಅಂತ ಒಂದು ಕ್ಯೂ ಇರುತ್ತೆ," ಎಂದು ನರೇಶ್ ಪಾಠ ಶುರು ಮಾಡಿದ. "ನೀವೆಲ್ಲ ಅಲ್ಲಿ ಒಂದು ಗಂಟೆ ನಿಲ್ಲಬೇಕಾಗುತ್ತೆ. ನಾನು ಪಕ್ಕದ ಗೇಟಲ್ಲಿ ಅರ್ಧ ನಿಮಿಷಕ್ಕೆ ಆಚೆ ಹೋಗಿರ್ತೀನಿ. ಗಾಬರಿಯಾಗ್ಬೇಡಿ. ನಾನು ಟ್ರಸ್ಟೆಡ್ ಟ್ರಾವೆಲರ್."

"ಯಾವ ದೇವಸ್ಥಾನದ ಟ್ರಸ್ಟಿ?" ಎಂದು ದಾಸಪ್ಪ ಕೇಳಿದ.

"ಟ್ರಸ್ಟಿ ಅಲ್ಲ ದಾಸಪ್ಪಣ್ಣ. ಸರ್ಕಾರ ನಂಬೋ ಪ್ರಯಾಣಿಕ ಅಂತ. ಮೊದ್ಲೇ ಅರ್ಜಿ ಹಾಕ್ಬೇಕು. ಅವರು ವಿಚಾರಿಸಿ ಒಪ್ಪಿದ್ರೆ ಮುಖ, ಬೆರಳಚ್ಚು ತಗೋತಾರೆ. ಆಮೇಲೆ ಪಾಸ್‌ಪೋರ್ಟ್ ತೋರಿಸಿದ್ರೆ ಗೇಟು ತಾನಾಗೇ ತೆಕ್ಕೊಳ್ಳುತ್ತೆ."

"ಹಂಗಾದ್ರೆ ನಾನೂ ಹಾಕ್ತೀನಿ."

ನರೇಶ್ ನಕ್ಕ. "ಅದೆಲ್ಲ ಓಡಾಡೋರಿಗೆ ಅಣ್ಣ. ನಿಮ್ಮಂಥೋರಿಗೆ ದೊಡ್ಡ ಕ್ಯೂನೇ ಸರಿ. ಇದು ನಿಮ್ಮ ಕೈಲಿ ಆಗೋದಲ್ಲ, ಬಿಡಿ."

ಮುಂದೆ ನಡೆದ ಸಕಲ ಅನಾಹುತಗಳಿಗೂ, ಒಂದು ಒಳ್ಳೆಯ ಕೆಲಸಕ್ಕೂ ಈ ಮಾತೇ ಹೊಣೆ.

ಮರುದಿನವೇ ದಾಸಪ್ಪ ಗುಮ್ಮಳಾಪುರದ ಕಂಪ್ಯೂಟರ್ ಅಂಗಡಿಯಲ್ಲಿ ಕೂತಿದ್ದ. ಅಂಗಡಿ ವರಲಕ್ಷ್ಮಿಯದು. ಜಮೀನಿನ ಪಟ್ಟಾ, ಜಾತಿ ಸರ್ಟಿಫಿಕೇಟು, ಕರೆಂಟ್ ಬಿಲ್ಲು ಎಲ್ಲವೂ ಅವಳ ಕೈಯಿಂದಲೇ ಸರ್ಕಾರಕ್ಕೆ ಹೋಗಬೇಕು.

"ಇಲ್ಲೀವರ್ಗೂ ಎಷ್ಟು ಸಲ ಫಾರಿನ್‌ಗೆ ಹೋಗಿದೀರ ಅಣ್ಣ?"

"ಒಂದ್ಸಲಾನೂ ಇಲ್ಲ."

"ಇನ್ಮೇಲೆ ಎಷ್ಟು ಸಲ ಹೋಗ್ತೀರ?"

"ಒಂದ್ಸಲ."

ವರಲಕ್ಷ್ಮಿ ಕೀಬೋರ್ಡಿನಿಂದ ಕೈ ತೆಗೆದಳು. "ಒಂದ್ಸಲ ಹೋಗೋಕೆ ಇದ್ಯಾಕಣ್ಣ? ಒಂದು ಗಂಟೆ ನಿಂತ್ರೆ ಆಯ್ತಲ್ಲ."

"ನಿಂತ್ಕೊಳೋಕೆ ನಂಗೇನೂ ಕಾಲುನೋವಿಲ್ಲ ತಾಯಿ. ನಿಂತ್ಕೋ ಅಂತ ನರೇಶ ಹೇಳಬಾರ್ದು. ಹಾಕು ನೀನು."

ಅವಳು ಅರ್ಜಿ ಹಾಕಿದಳು. ಮೂರು ವಾರದಲ್ಲಿ ಉತ್ತರ ಬಂತು. ವಿಚಾರಣೆ ಮುಗಿದಿದೆ, ಅರ್ಜಿ ಒಪ್ಪಿಗೆಯಾಗಿದೆ, ಏಪ್ರಿಲ್ ಮೂರನೇ ತಾರೀಖು ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದು ಬೆರಳಚ್ಚು ಕೊಡಬೇಕು ಎಂದಿತ್ತು. ದಾಸಪ್ಪ ಆ ಕಾಗದವನ್ನು ಪ್ರಿಂಟ್ ಹಾಕಿಸಿ, ಪ್ಲಾಸ್ಟಿಕ್ ಹೊದಿಸಿ, ಹಾಲಿನ ಡೈರಿ, ರೇಷನ್ ಅಂಗಡಿ, ಟೀ ಅಂಗಡಿ ಮೂರೂ ಕಡೆ ತೋರಿಸಿದ. ಸರ್ಕಾರ ತನ್ನನ್ನು ನಂಬಿದೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದ. ಸಂಘಕ್ಕೆ ಫೋನ್ ಮಾಡಿ ನರೇಶನ ಕಿವಿಗೂ ಬೀಳುವಂತೆ ನೋಡಿಕೊಂಡ.

"ಸರ್ಕಾರ ನಂಬ್ತೋ ಬುಡ್ತೋ," ಎಂದಳು ಅವನ ಹೆಂಡತಿ ಕದಿರಮ್ಮ. "ಹೋದ ವಾರ ಡ್ರಿಪ್ ಪೈಪು ಸರಿ ಮಾಡ್ತೀನಿ ಅಂದಿದ್ದಲ್ಲ, ಅದುನ್ನ ನಂಬ್ಕೊಂಡು ನಾನು ಕುಂತಿವ್ನಿ."

ಏಪ್ರಿಲ್ ಮೂರರಂದು ದಾಸಪ್ಪ ಇಸ್ತ್ರಿ ಶರ್ಟು ಹಾಕಿಕೊಂಡು ವಿಮಾನ ನಿಲ್ದಾಣಕ್ಕೆ ಹೋದ. ಅಲ್ಲಿದ್ದ ಅಧಿಕಾರಿಣಿ ಬಹಳ ಮರ್ಯಾದೆಯ ಹೆಂಗಸು. ಫೋಟೋ ತೆಗೆದರು, ಚೆನ್ನಾಗಿ ಬಂತು. ಆಮೇಲೆ ಬಲಗೈಯ ನಾಲ್ಕು ಬೆರಳನ್ನು ಗಾಜಿನ ಮೇಲಿಡಿ ಎಂದರು. ಇಟ್ಟ. ಕೆಂಪು ದೀಪ ಹತ್ತಿತು. ಒರೆಸಿ ಇಟ್ಟ. ಕೆಂಪು. ಎಡಗೈ ಇಟ್ಟ. ಅದಕ್ಕೂ ಕೆಂಪು. ಹೆಬ್ಬೆರಳನ್ನು ಒಂದೊಂದಾಗಿ ಇಟ್ಟ. ಯಂತ್ರಕ್ಕೆ ಬೇರೆ ಬಣ್ಣವೇ ಗೊತ್ತಿದ್ದಂತೆ ಕಾಣಲಿಲ್ಲ.

ಅಧಿಕಾರಿಣಿ ಅವನ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದರು. "ಏನು ಕೆಲಸ ಮಾಡ್ತೀರಿ?"

"ಗುಲಾಬಿ ಮೇಡಂ. ಐದು ವರ್ಷದಿಂದ."

"ಬೆರಳಲ್ಲಿ ಗೆರೆಗಳೇ ಇಲ್ವಲ್ಲ. ಸವೆದು ಹೋಗಿವೆ."

"ಪಾಸ್‌ಪೋರ್ಟ್ ಮಾಡ್ಸುವಾಗ ಇದ್ವು ಮೇಡಂ. ಅವಾಗ ಗುಲಾಬಿ ಆಗ್ತಾನೆ ನೆಟ್ಟಿದ್ದೆ, ಅಲ್ಲೀಗಂಟ ರಾಗಿ ಹಾಕ್ತಿದ್ದೆ."

ಗೆರೆ ಸಿಗದವರಿಗೆ ಮಾಮೂಲಿ ಕ್ಯೂ ಇದ್ದೇ ಇದೆ, ಚಿಂತೆ ಬೇಡ ಎಂದು ಅವರು ಸಮಾಧಾನ ಹೇಳಿದರು. ದಾಸಪ್ಪ ಕುರ್ಚಿಯಿಂದ ಏಳಲಿಲ್ಲ. ಕೊನೆಗೆ ಅವರೇ, "ಇಪ್ಪತ್ತನೇ ತಾರೀಖಿಗೆ ಇನ್ನೊಂದು ಸಮಯ ಕೊಡ್ತೀನಿ. ಅಲ್ಲೀವರೆಗೂ ಕೈಗೆ ಕೆಲಸ ಕೊಡಬೇಡಿ. ಎಣ್ಣೆಯೋ ಬೆಣ್ಣೆಯೋ ಹಚ್ಚಿ ಮೆತ್ತಗೆ ಇಟ್ಟುಕೊಳ್ಳಿ. ಗೆರೆ ಎದ್ದರೆ ನೋಡೋಣ," ಎಂದರು.

ಬರುವಾಗ ದಾರಿಯಲ್ಲೇ ದಾಸಪ್ಪ ಎರಡು ತೀರ್ಮಾನ ಮಾಡಿದ. ಒಂದು, ಹದಿನೇಳು ದಿನ ಈ ಕೈಗಳಿಂದ ಒಂದು ಹುಲ್ಲುಕಡ್ಡಿಯನ್ನೂ ಎತ್ತುವುದಿಲ್ಲ. ಎರಡು, ಯಂತ್ರ ತನ್ನನ್ನು ಒಪ್ಪಲಿಲ್ಲ ಎಂಬುದು ಹೆಂಡತಿಯನ್ನೂ ವರಲಕ್ಷ್ಮಿಯನ್ನೂ ಬಿಟ್ಟು ಇನ್ನೊಬ್ಬರಿಗೆ ಗೊತ್ತಾಗಬಾರದು. ಪ್ಲಾಸ್ಟಿಕ್ ಹೊದಿಸಿದ ಕಾಗದ ತೋರಿಸಿ ಕೊಚ್ಚಿಕೊಂಡ ಬಾಯಲ್ಲಿ ಈಗ ಬೆರಳಲ್ಲಿ ಗೆರೆಯೇ ಇಲ್ಲವೆಂದು ಹೇಳುವುದು ಹೇಗೆ? ನರೇಶನ ಕಿವಿಗೆ ಬಿದ್ದರಂತೂ ಮುಗಿಯಿತು.

ಮಾರನೆಯ ದಿನ ಬೆಳಿಗ್ಗೆ ಪಕ್ಕದ ಮನೆಯ ಹನುಮಕ್ಕ ಒಂದು ದೃಶ್ಯ ಕಂಡಳು. ದಾಸಪ್ಪ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ಎರಡೂ ಕೈಗೆ ಮೊಣಕೈವರೆಗೆ ಬಿಳಿ ಪಂಚೆಯ ಬಟ್ಟೆ ಸುತ್ತಿದೆ. ಕದಿರಮ್ಮ ಹಲ್ಲು ಕಚ್ಚಿಕೊಂಡು ಅವನ ಬಾಯಿಗೆ ಮುದ್ದೆ ಇಡುತ್ತಿದ್ದಾಳೆ. ಹನುಮಕ್ಕನಿಗೆ ಅರವತ್ತೈದು ವರ್ಷ. ಆ ಅರವತ್ತೈದು ವರ್ಷದಲ್ಲಿ ಅವಳು ತಿಳಿದುಕೊಳ್ಳದೆ ಬಿಟ್ಟ ವಿಷಯ ಊರಿನಲ್ಲಿ ಒಂದೂ ಇಲ್ಲ.

"ಏನ್ಲಾ ದಾಸ, ಕೈಗೇನಾತ್ಲಾ?"

"ಏನಿಲ್ಲಕ್ಕ. ಸುಮ್ಕೆ ಕೈ ಕಟ್ಕೊಂಡು ಕುಂತಿವ್ನಿ."

"ಎಲ್ಲೀಗಂಟ?"

ದಾಸಪ್ಪ ಸುಳ್ಳು ಹೇಳುವವನಲ್ಲ. ನಿಜವನ್ನೇ ಅರ್ಧ ಹೇಳಿದ. "ಸರ್ಕಾರದೋರು ಒಪ್ಪೋಗಂಟ ಬಿಚ್ಚಾಕಿಲ್ಲ."

ಹನುಮಕ್ಕ ಆ ಹೊತ್ತು ಗುಮ್ಮಳಾಪುರದಿಂದ ಮೂರು ಕಿಲೋಮೀಟರ್ ನಡೆದು ಬಂದಿದ್ದಳು. ಮೊದಲು ನಮ್ಮೂರಿಗೆ ದಿನಕ್ಕೆ ಮೂರು ಸಲ ಟೌನ್ ಬಸ್ಸು ಬರುತ್ತಿತ್ತು, ಹೆಂಗಸರಿಗೆ ಟಿಕೆಟಿಲ್ಲದ ಬಸ್ಸು. ಎರಡು ವರ್ಷದ ಹಿಂದೆ ಊರ ಮುಂದಿನ ಮೋರಿ ಕುಸಿದು ಬಸ್ಸು ನಿಂತಿತು. ಮೋರಿ ರಿಪೇರಿಯಾಗಿ ವರ್ಷ ಕಳೆದರೂ ಬಸ್ಸು ಮಾತ್ರ ಗುಮ್ಮಳಾಪುರದಲ್ಲೇ ತಿರುಗಿಕೊಂಡು ಹೋಗುತ್ತಿತ್ತು. ಅರ್ಜಿ ಕೊಟ್ಟದ್ದಕ್ಕೆ ಲೆಕ್ಕವಿರಲಿಲ್ಲ. ಹೀಗಾಗಿ, ತಲೆಯ ಮೇಲೆ ತರಕಾರಿ ಮೂಟೆ ಹೊತ್ತ ಹನುಮಕ್ಕನಿಗೆ ಸರ್ಕಾರ ಒಪ್ಪಬೇಕಾದ ವಿಷಯ ಯಾವುದೆಂದು ಕೇಳುವ ಅಗತ್ಯವೇ ಬೀಳಲಿಲ್ಲ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಬಸ್ಸು ಬರುವವರೆಗೆ ದಾಸಪ್ಪ ಕೈ ಕಟ್ಟಿ ಕೂತಿದ್ದಾನೆ.

ಎರಡು ದಿನ ಜನ ಬಂದು ಬಂದು ಅವನ ಎದುರು ನಿಂತು, "ಗಂಡಸು ಅಂದ್ರೆ ಇವನು," ಎಂದು ಹೇಳಿಹೋದರು. ಕೈಗೆ ಬೆಣ್ಣೆ ಹಚ್ಚಿಕೊಂಡದ್ದಕ್ಕೆ ಇಷ್ಟು ಗೌರವ ಯಾಕೆಂದು ದಾಸಪ್ಪನಿಗೆ ಅರ್ಥವಾಗಲಿಲ್ಲ. ಆದರೆ ಬೇಡವೆನ್ನಲೂ ಮನಸ್ಸಾಗಲಿಲ್ಲ. ಮೂರನೆಯ ದಿನ ರಾಯಕೋಟೆಯಿಂದ ಕದಿರಮ್ಮನ ತಮ್ಮ ಮುನಿರತ್ನ ಬೈಕಿನಲ್ಲಿ ಬಂದಿಳಿದ. ಮುನಿರತ್ನ ರಾಯಕೋಟೆಯಲ್ಲಿ ಎಲ್ಲ ಹೋರಾಟಗಳಲ್ಲೂ ಮುಂದೆ ಕೂರುವವನು. ಹೋರಾಟ ಯಾವುದಕ್ಕೆ ಎಂಬುದನ್ನು ಆಮೇಲೆ ಪಕ್ಕದವರನ್ನು ಕೇಳಿಕೊಳ್ಳುವನು.

"ಭಾವ, ಇಷ್ಟು ದೊಡ್ಡ ಕೆಲ್ಸ ಜಗಲಿ ಮೇಲೆ ಕುಂತು ಮಾಡ್ತಾರಾ? ನಾಕು ಜನಕ್ಕೆ ಕಾಣ್ಬೇಕು," ಎಂದವನೇ ಕುರ್ಚಿಯ ಸಮೇತ ದಾಸಪ್ಪನನ್ನು ಎತ್ತಿಸಿದ.

"ಎಲ್ಲಿಗ್ಲಾ? ಬುಡ್ಲಾ ಕೆಳೀಕೆ," ಎಂದು ದಾಸಪ್ಪ ಕೂಗಿಕೊಂಡ. ಕೈ ಬೀಸಲು ಅವನಿಗೆ ಕೈಯಿರಲಿಲ್ಲ.

ಊರ ಬಾಗಿಲಲ್ಲಿ ಹಳೆಯ ಬಸ್ ತಂಗುದಾಣವಿದೆ. ಬಸ್ಸು ನಿಂತ ಮೇಲೆ ಅದನ್ನು ಮೇಕೆಗಳು ವಹಿಸಿಕೊಂಡಿದ್ದವು. ಮೇಕೆಗಳನ್ನು ಎಬ್ಬಿಸಿ ದಾಸಪ್ಪನನ್ನು ಅಲ್ಲಿ ಕೂರಿಸಿದರು. ಮುನಿರತ್ನ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೋರ್ಡು ಬರೆಸಿ ಮೇಲೆ ಕಟ್ಟಿದ. 'ಬಸ್ಸು ಬರುವವರೆಗೆ ಕೈ ಬಿಚ್ಚೆವು.' ದಾಸಪ್ಪ ತಲೆಯೆತ್ತಿ ಅದನ್ನು ಓದಿದ. ಮೂರು ಭಾಷೆಯಲ್ಲೂ ಓದಿದ. ಆಗಲೇ ಅವನಿಗೆ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಾದದ್ದು.

ಅಂದು ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆರಡು ಗಂಡಸರು ಟವೆಲ್ಲಿನಿಂದ ಕೈ ಕಟ್ಟಿಸಿಕೊಂಡು ಅವನ ಸಾಲಿನಲ್ಲಿ ಕೂತರು. ಪಾಲಿಹೌಸಿನ ಕೆಲಸಕ್ಕೆ ಬರುತ್ತಿದ್ದ ಇಬ್ಬರು ಆಳುಗಳೂ ಅದರಲ್ಲಿದ್ದರು. ಹೋರಾಟ ಬಹಳ ಕಠಿಣವಾಗಿತ್ತು. ಟೀ ಕುಡಿಸಲು ಬೇರೆಯವರು ಬೇಕು. ನೊಣ ಕೂತರೆ ಊದಿ ಓಡಿಸಬೇಕು. ಮೂಗು ಕೆರೆದರೆ ಪಕ್ಕದವನ ಭುಜಕ್ಕೆ ಉಜ್ಜಬೇಕು. ಬೀಡಿಯ ವಿಷಯದಲ್ಲಂತೂ ಎರಡು ಜಗಳಗಳಾದವು.

ಹೊರಗಿನ ಪತ್ರಿಕೆಯವನೊಬ್ಬ ಬಂದು ಹನುಮಕ್ಕನನ್ನು, "ನಿಮ್ಮೂರ ಗಂಡಸರು ಕೆಲಸ ಬಿಟ್ಟು ಕೂತಿದ್ದಾರಲ್ಲ, ನಿಮಗೆ ಕಷ್ಟ ಆಗ್ತಿಲ್ವಾ?" ಎಂದು ಕೇಳಿದ.

"ಏನೂ ಎಚ್ಚುಕಮ್ಮಿ ಇಲ್ಲಪ್ಪ," ಎಂದಳು ಹನುಮಕ್ಕ. "ಮೊದ್ಲು ಕೈ ಕಟ್ದೆ ಕುಂತಿದ್ರು. ಈಗ ಕಟ್ಕೊಂಡು ಕುಂತವ್ರೆ."

ಪತ್ರಿಕೆಯಲ್ಲಿ ಫೋಟೋ ಬಂತು. ಫೋಟೋ ಬಂದ ಮರುದಿನ ವಿ.ಎ.ಓ. ಅರುಣ್‌ಕುಮಾರ್ ಬಂದರು. ಹಳ್ಳಿಯ ಆಡಳಿತವೆಲ್ಲ ಅವರ ತಲೆಯ ಮೇಲೆ. ಧರ್ಮಪುರಿ ಕಡೆಯ ತಮಿಳರು, ನಮ್ಮೂರಿಗೆ ಬಂದು ಆರು ತಿಂಗಳಾಗಿತ್ತು. ಕನ್ನಡ ಕಲಿಯುತ್ತಿದ್ದರು, ಪದ ಸಾಲದ ಕಡೆ ತಮಿಳು ಸೇರಿಸುತ್ತಿದ್ದರು.

"ದಾಸಪ್ಪ, ನಿಮ್ದು ಕೋರಿಕ್ಕೈ ಏನು, ಹೇಳಿ," ಎಂದು ಪುಸ್ತಕ ತೆರೆದರು. ತಮಿಳಿನಲ್ಲಿ ಕೋರಿಕ್ಕೈ ಎಂದರೆ ಬೇಡಿಕೆ. ದಾಸಪ್ಪನ ಗಾಬರಿಗೆ ಕೊನೆಯ ಅಕ್ಷರ ಮಾತ್ರ ಕೇಳಿಸಿತು.

"ಕೈ ಚೆನ್ನಾಗೈತೆ ಸಾರ್."

"ಕೈ ಇಲ್ಲ. ಕೋರಿಕ್ಕೈ."

"ಆ ಕೈನೂ ಚೆನ್ನಾಗೈತೆ ಸಾರ್. ಎಡಗೈಲಿ ಒಂದೀಟು ಉರಿ, ಅಷ್ಟೇ."

ಸಾಲಿನಲ್ಲಿದ್ದವರು ಇದನ್ನು ದಿಟ್ಟ ಉತ್ತರವೆಂದು ತಿಳಿದು ಕೂಗಿದರು. ಚಪ್ಪಾಳೆ ಹೊಡೆಯಲು ಆಗಲಿಲ್ಲ. ಅರುಣ್‌ಕುಮಾರ್ ದಾಸಪ್ಪನನ್ನು ಪಕ್ಕಕ್ಕೆ ಕರೆದರು. ಇದೇ ಸಮಯವೆಂದು ದಾಸಪ್ಪ ಪಿಸುದನಿಯಲ್ಲಿ ನಿಜ ಹೇಳಲು ಹೊರಟ.

"ಸಾರ್, ಇದ್ರೊಳಗೆ ಬೆಣ್ಣೆ ಐತೆ ಸಾರ್."

ಅರುಣ್‌ಕುಮಾರ್ ಅವರ ಮುಖ ಬಿಗಿಯಾಯಿತು. ಬೆಣ್ಣೆ ಹಚ್ಚುವುದು ಎಂಬ ಕನ್ನಡದ ಮಾತನ್ನು ಅವರು ಹೋದ ವಾರವಷ್ಟೇ ಕಲಿತಿದ್ದರು. "ನನಗೆ ಬೆಣ್ಣೆ ಹಚ್ಚೋದು ಎಲ್ಲಾ ಬೇಡ. ನಾನು ಆ ಥರ ಆಫೀಸರ್ ಇಲ್ಲ. ನೋಡಿ, ಡಿಪೋದಲ್ಲಿ ಕೇಳಿದೆ. ಈ ಊರಿಗೆ ಕಲೆಕ್ಷನ್ ಇಲ್ಲ ಅಂತಾರೆ. ಕೈ ಬಿಚ್ಚಿ ಮನೆಗೆ ಹೋಗಿ."

"ಬಿಚ್ತೀನಿ ಸಾರ್, ಇಪ್ಪತ್ತನೇ ತಾರೀಖು..."

"ಮತ್ತೆ, ನೀವು ಪ್ಲೇನ್‌ನಲ್ಲಿ ಹೋಗೋರು ಅಂತ ಕೇಳಿದೆ. ನಿಮಗ್ಯಾಕೆ ಈ ಬಸ್ಸು? ಈ ಹೆಂಗಸರಿಗೆ ನಡೆದು ಅಭ್ಯಾಸ ಇದೆ. ಅವರಿಗೆ ಅದೇ ಸರಿ."

ಅರುಣ್‌ಕುಮಾರ್ ಕೆಟ್ಟವರಲ್ಲ. ಮೇಲಿನವರು ಹೇಳಿದ್ದನ್ನು ಕೆಳಗಿನವರಿಗೆ ಮುಟ್ಟಿಸಿದರು, ಅಷ್ಟೇ. ಆದರೆ 'ಅವರಿಗೆ ಅದೇ ಸರಿ' ಎಂಬ ಮಾತು ಕಿವಿಗೆ ಬಿದ್ದದ್ದೇ ದಾಸಪ್ಪನ ಬೆನ್ನು ನೆಟ್ಟಗಾಯಿತು. ಹನುಮಕ್ಕ ತಂಗುದಾಣದ ಕಂಬಕ್ಕೆ ಒರಗಿ ಹಿಮ್ಮಡಿಯ ಬಿರುಕಿನಿಂದ ಕಲ್ಲು ಕೀಳುತ್ತಿದ್ದಳು.

"ಯಾರಿಗೆ ಸರಿ ಸಾರ್?"

"ಅಲ್ಲ, ನಾನು ಹೇಳಿದ್ದು..."

"ನಮ್ಮಂಥೋರಿಗೆ ನಿಲ್ಲೋದೇ ಸರಿ, ನಡ್ಯೋದೇ ಸರಿ ಅಂತ ಯಾರು ಸಾರ್ ತೀರ್ಮಾನ ಮಾಡಿದ್ದು? ಮೋರಿ ಗಟ್ಟಿಯಾಗೈತೆ. ನನ್ನ ಹೂವಿನ ಲಾರಿ ದಿನಾ ಅದ್ರ ಮೇಲೇ ಓಗ್ತೈತೆ. ಹೂವಿಗೆ ತಡ್ಯೋ ಮೋರಿ ಹೆಂಗಸ್ರಿಗೆ ತಡ್ಯಾಕಿಲ್ವಾ? ಬಿಚ್ಚಾಕಿಲ್ಲ ಸಾರ್. ಬರ್ಕೊಳಿ. ನನ್ನ ಕೋರಿಕ್ಕೈ ಬಸ್ಸು."

ಅರುಣ್‌ಕುಮಾರ್ ಬರೆದುಕೊಂಡರು. ಬೆಣ್ಣೆಯಿಂದ ಶುರುವಾದ ಹೋರಾಟ ನಿಜವಾದದ್ದು ಆ ಗಳಿಗೆಯಿಂದ ಎಂದು ಚರಿತ್ರೆಯ ದೃಷ್ಟಿಯಿಂದ ಹೇಳಬೇಕಾಗುತ್ತದೆ.

ಎರಡು ದಿನ ಬಿಟ್ಟು ನರೇಶ್ ಕಾರಿನಲ್ಲಿ ಬಂದ. ಬೋರ್ಡು ನೋಡಿ, ಸಾಲು ನೋಡಿ, ಬೆವರು ಒರೆಸಿಕೊಂಡ.

"ದಾಸಪ್ಪಣ್ಣ, ಏನಿದು? ಪೊಲೀಸರು ಒಂದು ಕೇಸ್ ಹಾಕಿದ್ರೆ ನಿಮ್ಮ ಆ ಟ್ರಸ್ಟೆಡ್ ಅರ್ಜಿ ಅಲ್ಲೇ ಕ್ಯಾನ್ಸಲ್. ಪಾಸ್‌ಪೋರ್ಟಿಗೂ ತೊಂದ್ರೆ ಬರಬಹುದು. ಮಲೇಷಿಯಾ ಮರೆತುಬಿಡಿ. ಕೈ ಬಿಚ್ಚಿ, ತಪ್ಪಾಯ್ತು ಅಂತ ಒಂದು ಕಾಗದ ಕೊಡಿ. ನಾನು ಹೇಳ್ತೀನಿ ಅವ್ರಿಗೆ."

ದಾಸಪ್ಪ ತನ್ನ ಕಟ್ಟಿದ ಕೈಗಳನ್ನು ನೋಡಿಕೊಂಡ. ಮಲೇಷಿಯಾ ಅವನಿಗೆ ಬೇಕಾಗಿತ್ತು. ಆ ತಾನಾಗೇ ತೆರೆಯುವ ಗೇಟು ಅದಕ್ಕಿಂತ ಬೇಕಾಗಿತ್ತು. ಬಾಗಿಲು ತೆರೆಯುವುದನ್ನು ಅವನು ನಿದ್ದೆಯಲ್ಲೂ ಎರಡು ಸಲ ಕಂಡಿದ್ದ.

"ನರೇಶ," ಎಂದ ಕೊನೆಗೆ, "ನೀನು ಕಾರಲ್ಲಿ ಬಂದ್ಯಲ್ಲ, ದಾರೀಲಿ ಯಾರಾನ ಸಿಕ್ಕಿದ್ರಾ?"

"ಮೂರ್ನಾಕು ಹೆಂಗಸರು ನಡ್ಕೊಂಡು ಬರ್ತಿದ್ರು. ಯಾಕೆ?"

"ಹತ್ತಿಸ್ಕೊಂಡು ಬಂದ್ಯಾ?"

ನರೇಶ್ ಮತ್ತೆ ಬೆವರು ಒರೆಸಿಕೊಂಡ.

"ಹಂಗಾದ್ರೆ ಓಗು. ಕ್ಯಾನ್ಸಲ್ ಆದ್ರೆ ಆಗ್ಲಿ. ಕೈ ಬಿಚ್ಚಾಕಿಲ್ಲ."

ಅಂದಿನಿಂದ ಹೆಂಗಸರೂ ಬಂದು ಸಾಲಿನಲ್ಲಿ ಕೂತರು. ಅವರು ಕೈ ಕಟ್ಟಿಸಿಕೊಳ್ಳಲಿಲ್ಲ. ಎಲ್ಲರೂ ಕೈ ಕಟ್ಟಿಕೊಂಡರೆ ಸಾರು ಕಲಕುವವರು ಯಾರು ಎಂದು ಹನುಮಕ್ಕ ನಿರ್ಣಯ ಕೊಟ್ಟಿದ್ದಳು. ಕದಿರಮ್ಮ ಮಾತ್ರ ಬರಲಿಲ್ಲ. ಅವಳು ಊಟ ತಂದು, ಗಂಡನ ಬಾಯಿಗಿಟ್ಟು, ತಂಗುದಾಣದ ಹಿಂದೆ ಯಾರಿಗೂ ಕಾಣದಂತೆ ಬಟ್ಟೆ ಬಿಚ್ಚಿ ಬೆಣ್ಣೆ ಬದಲಿಸಿ, ಪಾಲಿಹೌಸಿಗೆ ಹೊರಟುಬಿಡುತ್ತಿದ್ದಳು.

ಹತ್ತೊಂಬತ್ತನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ದೂರದಲ್ಲಿ ಧೂಳು ಕಂಡಿತು. ಮೊದಲು ಜೀಪು, ಅದರ ಹಿಂದೆ ಬಸ್ಸು. ಖಾಲಿ ಬಸ್ಸು. ಡಿಪೋದ ಅಧಿಕಾರಿ ಮೋರಿಯ ಹತ್ತಿರ ಇಳಿದು, ಬಸ್ಸನ್ನು ಅದರ ಮೇಲೆ ಒಂದು ಸಲ ಹಾಯಿಸಿದರು. ಮೋರಿ ಕದಲಲಿಲ್ಲ. ಹಿಂದಕ್ಕೆ ಹಾಯಿಸಿದರು. ಆಗಲೂ ಕದಲಲಿಲ್ಲ. ಮೂರನೆಯ ಸಲ ಹಾಯಿಸುವಷ್ಟರಲ್ಲಿ ಹನುಮಕ್ಕ ಒಳಗೆ ಕಿಟಕಿ ಪಕ್ಕ ಕೂತಿದ್ದಳು. ಅವಳು ಯಾವಾಗ ಹತ್ತಿದಳೆಂದು ಡ್ರೈವರನಿಗೂ ಗೊತ್ತಿಲ್ಲ.

ನಾಳೆಯಿಂದ ದಿನಕ್ಕೆ ಎರಡು ಸಲ ಬಸ್ಸು ಎಂದು ಅಧಿಕಾರಿ ಒಪ್ಪಿದರು. ಮೂರು ಸಲ ಎಂದು ಮುನಿರತ್ನ ಹಟ ಹಿಡಿದ. ಎರಡೂವರೆ ಸಲ ಹೇಗೆ ಬರುವುದೆಂದು ಯಾರಿಗೂ ತಿಳಿಯದೆ ಕೊನೆಗೆ ಮೂರೇ ಆಯಿತು. ಉಪವಾಸ ಕೂತವರಿಗೆ ಎಳನೀರು ಕೊಡುವ ಪದ್ಧತಿ ಎಲ್ಲರಿಗೂ ಗೊತ್ತು. ಕೈ ಕಟ್ಟಿ ಕೂತವರಿಗೆ ಏನು ಮಾಡಬೇಕೆಂದು ಯಾವ ಆಫೀಸಿನಲ್ಲೂ ಆದೇಶವಿರಲಿಲ್ಲ. ಅರುಣ್‌ಕುಮಾರ್ ಮುಂದೆ ಬಂದು ತಾವೇ ದಾಸಪ್ಪನ ಬಟ್ಟೆ ಬಿಚ್ಚಿದರು.

ಒಳಗಿನಿಂದ ಬಂದ ಕೈಗಳನ್ನು ಕಂಡು ಜನ ಹತ್ತಿರ ಸರಿದರು. ಬಾಣಂತಿಯ ಮಗ್ಗುಲಿನ ಕೂಸಿನ ಅಂಗಾಲಿನ ಹಾಗೆ ಕೆಂಪಗೆ, ಮೆತ್ತಗೆ ಹೊಳೆಯುತ್ತಿದ್ದವು. ಅರುಣ್‌ಕುಮಾರ್ ತಮ್ಮ ಬೆರಳು ಮೂಸಿ ನೋಡಿಕೊಂಡರು.

"ಬೆಣ್ಣೆ," ಎಂದರು.

"ಅವತ್ತೇ ಹೇಳಿದ್ನಲ್ಲ ಸಾರ್," ಎಂದ ದಾಸಪ್ಪ.

ಒಪ್ಪಂದದ ಕಾಗದಕ್ಕೆ ಊರಿನವರೆಲ್ಲ ಹೆಬ್ಬೆಟ್ಟು ಒತ್ತಬೇಕಾಗಿತ್ತು. ದಾಸಪ್ಪನಿಗೆ ಸಹಿ ಹಾಕಲು ಬರುತ್ತದೆ. ಆದರೂ ಮೊದಲ ಹೆಬ್ಬೆಟ್ಟು ಅವನದೇ ಆಗಬೇಕೆಂದು ಮುನಿರತ್ನ ಅವನ ಬೆರಳನ್ನು ಹಿಡಿದು ಶಾಯಿಗೆ ಅದ್ದಿ ಕಾಗದದ ಮೇಲೆ ಒತ್ತಿದ. ಗುಮ್ಮಳಾಪುರದಿಂದ ಆ ಬಸ್ಸಿನ ಹಿಂದೆಯೇ ಸ್ಕೂಟರಿನಲ್ಲಿ ಬಂದಿದ್ದ ವರಲಕ್ಷ್ಮಿ ಬಗ್ಗಿ ನೋಡಿದಳು. ಉಂಗುರ ಉಂಗುರವಾಗಿ, ಒಂದೊಂದು ಗೆರೆಯೂ ಎಣಿಸುವ ಹಾಗೆ ಮೂಡಿತ್ತು.

"ಅಣ್ಣ, ಗೆರೆ ಎದ್ದವೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಏರ್‌ಪೋರ್ಟು. ಅಲ್ಲೀವರ್ಗೂ ಏನೂ ಮುಟ್ಬೇಡಿ, ನಿಮ್ಮ ದಮ್ಮಯ್ಯ."

ದಾಸಪ್ಪ ತನ್ನ ಹೆಬ್ಬೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ಇದನ್ನು ಮೊದಲು ಹೆಂಡತಿಗೆ ತೋರಿಸಬೇಕೆನ್ನಿಸಿತು. ಶಾಯಿಯ ಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು ಪಾಲಿಹೌಸಿಗೆ ಓಡಿದ.

ಕದಿರಮ್ಮ ಒಬ್ಬಳೇ ಇದ್ದಳು. ಎರಡು ದಿನ ಬಿಟ್ಟು ಮದುವೆ ಮುಹೂರ್ತವಿತ್ತು, ಹೂವಿಗೆ ಬೇಡಿಕೆ ಬಂದಿತ್ತು, ಆಳುಗಳಿಬ್ಬರೂ ಬಸ್ಸಿನ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕತ್ತರಿಸಿದ ಹೂವಿನ ಬಕೆಟ್ಟುಗಳು ಒಂದು ಸಾಲು, ಕತ್ತರಿಸದ ಗಿಡಗಳು ಹನ್ನೊಂದು ಸಾಲು. ಅವಳು ಕತ್ತರಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೆರಳಲ್ಲಿ ಮುರಿದ ಮುಳ್ಳನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದಳು.

"ಬಸ್ಸು ಬಂತಂತೆ," ಎಂದಳು.

"ಬಂತು."

"ಗೆರೆ?"

"ಅದೂ ಬಂತು." ತೋರಿಸಿದ.

ಅವಳು ನೋಡಿ, "ಚೆನ್ನಾಗೈತೆ," ಎಂದು ಮತ್ತೆ ಮುಳ್ಳಿಗೆ ಬಾಯಿ ಹಾಕಿದಳು.

ದಾಸಪ್ಪ ಅವಳ ಕೈ ಹಿಡಿದ. ತನ್ನ ಮೆತ್ತನೆಯ ಉಗುರಿನಲ್ಲಿ ಮುಳ್ಳನ್ನು ಒತ್ತಿ ತೆಗೆದ. ಹದಿನಾರು ದಿನದ ಹಿಂದೆ ತನ್ನ ಬೆರಳು ಹೇಗಿತ್ತೋ ಈಗ ಇವಳದು ಹಾಗೇ ಇತ್ತು, ನುಣ್ಣಗೆ ಸವೆದು, ಮಣ್ಣು ಕೂತು. ಇವಳು ಅರ್ಜಿ ಹಾಕಿದರೆ ಯಂತ್ರ ಇವಳಿಗೂ ಕೆಂಪು ದೀಪವನ್ನೇ ತೋರಿಸುತ್ತದೆ ಎಂದು ಅವನಿಗೆ ಹೊಳೆಯಿತು.

"ಕತ್ತರಿ ಕೊಡು."

"ನಾಳೆ ಯಂತ್ರಕ್ಕೆ ತೋರಿಸ್ಬೇಕಲ್ಲ ನೀನು."

"ಕೊಡೇ."

"ಆಮೇಕೆ ಹೆಂಡ್ತಿಯಿಂದ ಎಲ್ಲಾ ಹಾಳಾತು ಅಂತ ಊರೆಲ್ಲ ಹೇಳ್ಕೊಂಡು ತಿರುಗ್ಬೇಡ."

"ನನ್ನ ನಂಬೋಕೆ ಆ ಯಂತ್ರಕ್ಕೆ ನನ್ನ ಕೈ ಕೆಲ್ಸ ಮಾಡ್ದಂಗಿರ್ಬೇಕಂತೆ. ಅಂಥ ನಂಬ್ಕೆ ನಂಗೆ ಬ್ಯಾಡ. ನೀನು ಆ ಕಡೆಯಿಂದ ಬಾ, ನಾನು ಈ ಕಡೆಯಿಂದ ಬತ್ತೀನಿ."

ಕೂಸಿನ ಕೈಗಳಿಗೆ ಗುಲಾಬಿ ಮುಳ್ಳು ಏನು ಮಾಡಬೇಕೋ ಅದನ್ನೇ ಮಾಡಿತು. ಸ್ವಾಭಿಮಾನದ ಮಾತಾಡಿದ್ದರಿಂದ ನೋವು ಕಡಿಮೆಯಾಗುತ್ತದೆ ಎಂದು ಯಾರೂ ತಿಳಿಯಬಾರದು. ಮೊದಲ ಸಾಲಿನಲ್ಲಿ ದಾಸಪ್ಪ ಇಪ್ಪತ್ತು ಸಲ ಅಮ್ಮನನ್ನು ಕರೆದ, ಎರಡನೆಯ ಸಾಲಿನಲ್ಲಿ ಸತ್ತ ಅಜ್ಜಿಯನ್ನೂ ಕರೆದ. ಕತ್ತಲಾಗುವ ಮೊದಲು ಹನ್ನೊಂದು ಸಾಲೂ ಮುಗಿಯಿತು. ಮಾರನೆಯ ದಿನ ಬೆರಳು ಬಾಳೆಕಾಯಿಯಂತೆ ಊದಿದ್ದವು. ವರಲಕ್ಷ್ಮಿಗೆ ಫೋನ್ ಮಾಡಿಸಿ, "ಬರಾಕಿಲ್ಲ ಅಂತ ಹೇಳ್ಬುಡು ತಾಯಿ," ಎಂದ. ಅವಳು ಅರ್ಧ ಗಂಟೆ ಬೈದಳು.

ಪೊಲೀಸರು ಕೇಸು ಹಾಕಲಿಲ್ಲ. ಮೇ ತಿಂಗಳಲ್ಲಿ ನರೇಶನ ಜೊತೆ ಆರು ಜನವೂ ಹೊರಟರು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ನರೇಶ್ ಗೇಟಿಗೆ ಪಾಸ್‌ಪೋರ್ಟ್ ತೋರಿಸಿದ, ಗೇಟು ತೆರೆಯಿತು, ಆಚೆ ಹೋಗಿ ಒಬ್ಬನೇ ಕುರ್ಚಿಯ ಮೇಲೆ ಕೂತ. ಉಳಿದವರು ದೊಡ್ಡ ಕ್ಯೂನಲ್ಲಿ ನಿಂತರು. ಕದಿರಮ್ಮ ಕಟ್ಟಿಕೊಟ್ಟಿದ್ದ ಕಡಲೆಕಾಯಿ ಉಂಡೆ ಆರೂ ಜನಕ್ಕೆ ಹಂಚಿಹೋಗಿ, ಮುಂದೆ ನಿಂತಿದ್ದ ಕೋಲಾರದ ಮುದುಕಿಗೂ ಎರಡು ಸಿಕ್ಕಿತು. ಒಂದು ಗಂಟೆ ಹತ್ತು ನಿಮಿಷವಾದ ಮೇಲೆ ದಾಸಪ್ಪನ ಸರದಿ ಬಂತು.

ಗಾಜಿನ ಹಿಂದಿದ್ದ ಅಧಿಕಾರಿ ಏನಾದರೂ ಕೇಳುವ ಮೊದಲೇ ದಾಸಪ್ಪ ಎರಡೂ ಕೈಗಳನ್ನು ಬಿಡಿಸಿ ಕೌಂಟರಿನ ಮೇಲಿಟ್ಟ. ಮುಳ್ಳಿನ ಗಾಯಗಳು ಮಾಗಿ ಕಪ್ಪು ಗೀರುಗಳಾಗಿದ್ದವು. ಬೆರಳ ತುದಿ ಮತ್ತೆ ನುಣ್ಣಗಾಗಿತ್ತು.

"ಇಲ್ಲಿ ಕೈ ಬೇಡ," ಎಂದರು ಅಧಿಕಾರಿ. "ಪಾಸ್‌ಪೋರ್ಟ್ ಕೊಡಿ ಸಾಕು."

ದಾಸಪ್ಪ ಪಾಸ್‌ಪೋರ್ಟ್ ಕೊಟ್ಟ. ಕೈಗಳನ್ನು ತೆಗೆಯಲಿಲ್ಲ.

"ಬೇಡದಿದ್ರೂ ಒಂದ್ಸಲ ನೋಡ್ಬುಡಿ ಸಾರ್," ಎಂದ. "ಅರ್ಧ ಎಕರೆ ಗುಲಾಬಿ."

ಅಧಿಕಾರಿ ಮುದ್ರೆಯನ್ನು ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು, ಹಿಂದೆ ಇಡೀ ಕ್ಯೂ ಗೊಣಗುತ್ತಿದ್ದಂತೆಯೇ ಒಂದೊಂದು ಬೆರಳನ್ನೂ ನೋಡಿದರು. ಆಮೇಲೆ ಮುದ್ರೆ ಒತ್ತಿದರು.